ನೀರಿನ ಲೆಕ್ಕ

ಕ್ಯಾಪ್ಟನ್ ಬ್ರಾಂದೊಲಿನ್ ಆ ಯುದ್ಧದಲ್ಲಿ ಒಂದು ಗುಂಡೂ ಹಾರಿಸಲಿಲ್ಲ.
ಸೊಂಟದ ಪಿಸ್ತೂಲು ಹೊಸದಾಗಿಯೇ ಉಳಿಯಿತು,
ಕಿವಿಸಂದಿಯ ಪೆನ್ಸಿಲು ವಾರಕ್ಕೊಂದು ಸವೆಯುತ್ತಿತ್ತು.

ನಾನವರ ಬೆರಳಚ್ಚುಗಾರ, ಉದಿನೆಯ ಕ್ಷೌರಿಕನ ಮಗ.
ನನ್ನ ಯಂತ್ರದಲ್ಲಿ ಒಂದು ಅಕ್ಷರ ಮುರಿದಿತ್ತು,
ನಮ್ಮ ಭಾಷೆಯ 'ನೀರಿ'ನಲ್ಲಿ ಎರಡು ಸಲ ಬರುವಂಥದ್ದೇ.
ತೆರಪು ಬಿಟ್ಟು ಅಚ್ಚಿಸಿ, ಆಮೇಲೆ ಶಾಯಿಯಲ್ಲಿ ತುಂಬುತ್ತಿದ್ದೆ.

ರೇಷ್ಮೆಹುಳು ಸಾಕುತ್ತಿದ್ದ ಅಟ್ಟ ನಮ್ಮ ಕಚೇರಿ,
ಹಿಪ್ಪುನೇರಳೆಯ ವಾಸನೆ ಇನ್ನೂ ಹೋಗಿರಲಿಲ್ಲ.
ಗೋಡೆಯ ಮೇಲೆ ಭೂಪಟ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ,
ಭೂಪಟದ ಬೆಟ್ಟ ಅದಕ್ಕಿಂತ ನುಣ್ಣಗೆ.

ಕಾರ್ಸೊ ದಿಬ್ಬದಲ್ಲಿ ನೀರಿಲ್ಲ.
ಬಿದ್ದ ಮಳೆಯನ್ನೆಲ್ಲ ಸುಣ್ಣಕಲ್ಲು
ಗಟಗಟ ಕುಡಿದು ಸುಮ್ಮನಾಗುತ್ತದೆ.
ಮೇಲೆ ಕಂದಕದಲ್ಲಿ ಆರು ಸಾವಿರ ಗಂಟಲು.
"ತಲೆಗೆ ಎರಡು ಲೀಟರ್.
ಹೇಸರಗತ್ತೆ ಹೊರುವುದು ಎಂಬತ್ತು,
ದಾರಿಯಲ್ಲಿ ತಾನೇ ಕುಡಿಯುವುದು ಇಪ್ಪತ್ತು.
ಎಷ್ಟು ಹೇಸರಗತ್ತೆ ಬೇಕು, ಹೇಳು?"
ಶಾಲೆಯ ಮೇಷ್ಟರಂತೆ ಕೇಳಿದರು.
ಇನ್ನೂರು, ಎಂದೆ.
"ಸಾಯದಿದ್ದರೆ," ಎಂದರು.

ಒಂದು ಸಂಜೆ ದಿಬ್ಬದಿಂದ ಲೆಫ್ಟಿನೆಂಟ್ ಜಂಪಾರೊ ಇಳಿದು ಬಂದ.
ಮೊಣಕಾಲಿನ ತನಕ ಕೆಸರು, ತುಟಿ ಒಡೆದ ಮಡಕೆ.
ನಮ್ಮ ಬೂಟುಗಳನ್ನೇ ನೋಡುತ್ತ ಕೇಳಿದ,
"ಇಲ್ಲಿ ಒಳ್ಳೆಯ ಪಾಲಿಶು ಸಿಗುತ್ತದೆ ಅಂತ ಕಾಣುತ್ತೆ?"
ಕ್ಯಾಪ್ಟನ್ ಮಾತಾಡಲಿಲ್ಲ. ಹೂಜಿ ತಳ್ಳಿದರು.
ಆತ ಲೋಟ ಮುಟ್ಟಲಿಲ್ಲ, ಹೂಜಿಯನ್ನೇ ಎತ್ತಿದ.
ಅವನ ಗಂಟಲಮಣಿ ಏರಿಳಿಯುವುದನ್ನು
ಕ್ಯಾಪ್ಟನ್ ಎಣಿಸುತ್ತಿದ್ದರು, ನಾನು ನೋಡಿದೆ.
ಆತ ಹೋದ ಮೇಲೆ ಪಟ್ಟಿಯಲ್ಲಿ 'ಎರಡು' ಹೊಡೆದು
'ಎರಡೂವರೆ' ಎಂದು ಬರೆದರು.
ಇನ್ನೂ ಐವತ್ತು ಹೇಸರಗತ್ತೆಗೆ
ಮೂರು ಜಿಲ್ಲೆ ಬೇಡಿ, ಇಬ್ಬರು ಕರ್ನಲ್‌ಗಳ ಬೈಗುಳ ತಿಂದರು.

ಮೇ ತಿಂಗಳಲ್ಲಿ ಜನರಲ್ ಬಂದರು.
ಬೆರಳು ಎಳೆದರು: ಇಲ್ಲಿಂದ, ಇಲ್ಲಿಗೆ.
ಒಂದು ಗೇಣೂ ಇರಲಿಲ್ಲ. ಕಾಫಿ ಕುಡಿದು ಹೊರಟರು.

ಆ ಗೇಣಿನೊಳಗೆ ಏನೇನು ತುಂಬಬೇಕೋ
ಅದೆಲ್ಲ ನಮ್ಮ ಪಾಲಿಗೆ.
ರೊಟ್ಟಿ, ಸಿಡಿಮದ್ದು, ಡೋಲಿ, ಕತ್ತರಿ,
ಯಾವ ದಳ ಯಾವ ದಾರಿಯಲ್ಲಿ ಎಷ್ಟು ಗಂಟೆಗೆ,
ಬರುವ ಗಾಡಿಗೆ ಹೋಗುವ ಗಾಡಿ ಎದುರಾಗದಂತೆ.
ಕೊನೆಯ ಸಾಲು: ಹಾಸಿಗೆ, ಒಂಬೈನೂರು.
ಅಚ್ಚಿಸುವಾಗ ಕಿಟಕಿಯ ಕೆಳಗೆ
ಯಾರೋ ಇಸ್ಪೀಟಿನಲ್ಲಿ ಗೆದ್ದು ಕೂಗಿದ.
ನನ್ನ ಬೆರಳು ನಿಂತಿತು.
"ಮುಂದೆ," ಎಂದರು ಕ್ಯಾಪ್ಟನ್.

ಮೂರನೆಯ ದಿನ ಆಸ್ಪತ್ರೆಯ ತಂತಿ:
ತುಂಬಿದ ಹಾಸಿಗೆ ಐನೂರ ಹನ್ನೊಂದು.
ನಾನು ಮೆಟ್ಟಿಲು ಹಾರಿ ಓಡಿದೆ.
"ಸರ್, ಸುಮಾರು ನಾನೂರು ಉಳಿಯಿತು!"
ಅವರು ತಲೆ ಎತ್ತಲಿಲ್ಲ.
"ಹಾಸಿಗೆ ಉಳಿಯಿತು," ಎಂದರು.

ಸಂಜೆ ಹಾಜರಿ ಬಂತು: ನಾಲ್ಕು ಸಾವಿರದ ಎಂಬತ್ತು.
ನನಗೀಗ ಲೆಕ್ಕ ಕೇಳಬೇಕಿರಲಿಲ್ಲ.
ನೂರ ಎಪ್ಪತ್ತು ಹೇಸರಗತ್ತೆ ಸಾಕು,
ಎಂಬತ್ತಕ್ಕೆ ಈ ರಾತ್ರಿ ಬಿಡುವು.
ಕಾಗದ ಏರಿಸಿ ಕಾದೆ.
ಅವರು ಪೆನ್ಸಿಲು ಕಿವಿಗೆ ಸಿಕ್ಕಿಸಿ, ತೆಗೆದು,
ಮತ್ತೆ ಸಿಕ್ಕಿಸಿಕೊಂಡು,
"ಇನ್ನೂರೈವತ್ತೇ ಇರಲಿ," ಎಂದರು.
ತಪ್ಪೆಂದು ಗೊತ್ತಿದ್ದೂ ಅವರು ಬರೆಸಿದ ಮೊತ್ತ
ನಾನು ಕಂಡಂತೆ ಅದೊಂದೇ.

ಬೆಳಗಿನ ಜಾವ ದಿಬ್ಬದಿಂದ ಫೋನು.
ಯಾರೋ ಹುಡುಗ, ಜಂಪಾರೊನ ದನಿಯಲ್ಲ:
"ನೀರು ಮಿಕ್ಕಿದೆ. ಏನು ಮಾಡಲಿ? ಲಿಖಿತ ಆದೇಶ ಬೇಕು."
ಕ್ಯಾಪ್ಟನ್ ಬಹಳ ಹೊತ್ತು ಭೂಪಟದ ಕಡೆಗಿದ್ದರು.
"ಬರಿ. ಮುಖ ತೊಳೆದುಕೊಳ್ಳಿ."

ಬರೆದೆ. ತೆರಪುಗಳನ್ನು ಶಾಯಿಯಲ್ಲಿ ತುಂಬಿದೆ.
ಕೈ ಸ್ವಲ್ಪ ನಡುಗಿ
ಒಂದು ಅಕ್ಷರ ಹರಡಿಕೊಂಡಿತು.